ಉಬ್ಬುಗನ್ನಡಿ ಇಲ್ಲದ ಬಸ್ಸು

ಎಲ್ಲರ ಬಾಯಲ್ಲೂ ಆಕೆ ಕನ್ನಡಿಯಮ್ಮ. ಗಂಡ ತೀರಿಕೊಂಡ ಮೇಲೆ ಗಾಜು ಕೊಯ್ಯುವುದನ್ನು ತಾನೇ ಕಲಿತು ಅಂಗಡಿ ಉಳಿಸಿದವಳು. "ಅಂಗೈ ಹುಣ್ಣಿಗೊಂದು ಕನ್ನಡಿ ಬೇಡ, ಮಿಕ್ಕಿದ್ದಕ್ಕೆಲ್ಲ ನನ್ ಹತ್ರಾನೇ ಬರ್ಬೇಕು" ಎಂದು ಗಿರಾಕಿಗಳನ್ನು ನಗಿಸುವಳು. ಕ್ಷೌರದಂಗಡಿಗೆ ಮುಖ ದೊಡ್ಡದು ಮಾಡುವ ತಗ್ಗುಗನ್ನಡಿ, ಮನೆಗಳಿಗೆ ಇದ್ದದ್ದನ್ನು ಇದ್ದಷ್ಟೇ ತೋರಿಸುವ ಚಪ್ಪಟೆ ಕನ್ನಡಿ, ಗಾಡಿಗಳಿಗೆ ಎಲ್ಲವನ್ನೂ ಚಿಕ್ಕದು ಮಾಡಿ ಹೆಚ್ಚು ಜಾಗ ತೋರಿಸುವ ಉಬ್ಬುಗನ್ನಡಿ. ಇದೆಲ್ಲ ಆಕೆಗೆ ನೀರು ಕುಡಿದಷ್ಟು ಸಲೀಸು. ಸಲೀಸಾದದ್ದರಲ್ಲೇ ಅಲ್ಲವೇ ಮನುಷ್ಯ ಎಡವುವುದು?

ಅಂದು ಬೆಳಿಗ್ಗೆ ಅಳಿಯ ಓಡೋಡಿ ಬಂದ. ಅವನು ಓಡಿಸುವ ಶಾಲಾ ಬಸ್ಸಿನ ಎಡಗಡೆಯ ಕನ್ನಡಿ ಒಡೆದಿತ್ತು. ಉಬ್ಬುಗನ್ನಡಿ ಅಂಗಡಿಯಲ್ಲಿ ಮುಗಿದಿತ್ತು. ಅಳಿಯನನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಚಪ್ಪಟೆ ಕನ್ನಡಿಯನ್ನೇ ಅದೇ ಅಳತೆಗೆ ಕೊಯ್ದು ಕೂರಿಸಿಬಿಟ್ಟಳು.

"ಮೊದ್ಲಿಗಿಂತ ಚೆನ್ನಾಗಿದೆ ಅತ್ತೆ. ಎಲ್ಲಾ ದೊಡ್ಡದಾಗಿ ಕಾಣ್ತಿದೆ" ಎಂದ ಅಳಿಯ. ಆಕೆಯೂ ಹಿಗ್ಗಿದಳು.

ಮಧ್ಯಾಹ್ನ ಗೋಡೆಯ ಕನ್ನಡಿ ಒರೆಸುತ್ತಿದ್ದಾಗ ಪಕ್ಕದಲ್ಲೇ ಯಾರೋ ಕೆಮ್ಮಿದರು. ಬೆಚ್ಚಿ ತಿರುಗಿದಳು. ಗಿರಾಕಿಯೊಬ್ಬ ಮೊಳ ದೂರದಲ್ಲಿ ನಿಂತಿದ್ದ. ಕನ್ನಡಿಯಲ್ಲಿ ಅವನಿರಲಿಲ್ಲ.

ಆಕೆಗೆ ಬೆಳಿಗ್ಗೆ ಕೂರಿಸಿದ ಚಪ್ಪಟೆ ಕನ್ನಡಿ ನೆನಪಾಯಿತು. ಬಸ್ಸಿನ ಪಕ್ಕ ನಿಂತ ಮಗುವೂ ಅದರಲ್ಲಿ ಹೀಗೇ ಕಾಣುವುದಿಲ್ಲ. ಶಾಲೆ ಬಿಡುವ ಹೊತ್ತು. ಮೊಮ್ಮಗಳು ಬರುವುದೂ ಅದೇ ಬಸ್ಸಿನಲ್ಲಿ. ಅಳಿಯನಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಬಟ್ಟೆಯನ್ನು ಅಲ್ಲೇ ಎಸೆದು, ಬಾಗಿಲನ್ನೂ ಹಾಕದೆ, ಬಿದ್ದೆನೋ ಸತ್ತೆನೋ ಎಂದು ಓಡಿದಳು. ನನ್ನ ಕೈಯಾರೆ ಮಾಡಿದೆನಲ್ಲ, ನನ್ನ ಕೈಯಾರೆ, ಎಂಬುದೊಂದೇ ತಲೆಯಲ್ಲಿ.

ಶಾಲೆಯ ಅಂಗಳದಲ್ಲಿ ಬಸ್ಸು ಹಿಂದಕ್ಕೆ ಬರುತ್ತಿತ್ತು. ಎಡಗಡೆಯ ಹಿಂದಿನ ಚಕ್ರದ ಬಳಿ ಮೊಮ್ಮಗಳು ಕೂತು ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದಳು. ಕನ್ನಡಿಯಮ್ಮ ಅವಳ ಬಳಿಗೆ ಓಡುತ್ತಲೇ ತಲೆಯೆತ್ತಿ ಬಸ್ಸಿನ ಕನ್ನಡಿ ನೋಡಿದಳು. ಅಳಿಯನ ಮುಖ ಅದರಲ್ಲಿ ಕಾಣಲಿಲ್ಲ. ತನಗೆ ಅವನು ಕಾಣದಿದ್ದರೆ ಅವನಿಗೂ ತಾವಿಬ್ಬರು ಕಾಣುವುದಿಲ್ಲ.

"ನಿಲ್ಸಿ! ನಿಲ್ಸೀ!" ಕೂಗುತ್ತಲೇ ಮಗುವಿನ ರಟ್ಟೆ ಹಿಡಿದೆಳೆದು, ಇನ್ನೊಂದು ಕೈಯಿಂದ ಬಸ್ಸನ್ನು ದಬದಬ ಬಡಿದಳು. ನೆಲದಲ್ಲಿದ್ದ ಮಗುವಿನ ಬ್ಯಾಗು ಚಕ್ರದಡಿ ಹೋಯಿತು. ಬಸ್ಸು ನಿಂತಿತು.

ಇಳಿದು ಬಂದ ಅಳಿಯ ಅಪ್ಪಚ್ಚಿಯಾದ ಬ್ಯಾಗನ್ನೂ ಮಗಳನ್ನೂ ನೋಡಿ ಬಿಳಿಚಿಕೊಂಡ. "ನೋಡ್ಕೊಂಡೇ ರಿವರ್ಸ್ ತಗೊಂಡೆ ಅತ್ತೆ. ದೇವ್ರಾಣೆ, ಕನ್ನಡೀಲಿ ಯಾರೂ ಇರ್ಲಿಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದು ಗೊತ್ತಿದ್ದುದರಿಂದಲೇ ಆಕೆ ಮಗುವನ್ನು ಅವುಚಿಕೊಂಡು ನೆಲಕ್ಕೆ ಕುಸಿದಳು.