ಯಾವ ಆಯಿ?

ಇವತ್ತು ಮುಂಜಾನೆ ಬೆಳಗಾವಿಯ ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಮೆಂತ್ಯದ ಸೂಡು ಹಿಡಿದು ನಿಂತಿದ್ದೆ. ಬೆನ್ನ ಹಿಂದೆ ಯಾವುದೋ ಕೂಸು ‘ಆಯೀ’ ಎಂದು ಕೂಗಿತು. ನಾನು ತಿರುಗಿ ‘ಓ’ ಎಂದೆ. ಬಾಜೂ ನಿಂತಿದ್ದ ತರುಣಿಯೂ ತಿರುಗಿದಳು. ಕೂಸು ಅವಳದು. ಮಕ್ಕಳ ಕಳ್ಳಿಯನ್ನು ನೋಡುವಂತೆ ನನ್ನನ್ನು ನೋಡಿದಳು.

ತಪ್ಪು ನನ್ನದಲ್ಲ, ಊರಿನದು. ನಮ್ಮ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ, ಮರಾಠಿಯಲ್ಲಿ ತಾಯಿ. ಓಣಿಯಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಒಂದೇ ಮನೆಯೊಳಗೆ ಹೊಕ್ಕಾಗ ನೋಡಬೇಕು ನೀವು.

ನನ್ನ ಮಗ ಖಾನಾಪುರದ ಮರಾಠಿ ಹುಡುಗಿಯನ್ನು ಮದುವೆಯಾದ. ನಾನು ಒಂದು ಮಾತೂ ಅಡ್ಡ ಆಡಲಿಲ್ಲ. ಎರಡು ದಿನ ಊಟ ಬಿಟ್ಟಿದ್ದೆ ಎಂದು ನನ್ನ ಗಂಡ ಹೇಳುತ್ತಾರೆ. ನನಗೆ ನೆನಪಿರುವಂತೆ ಹೊಟ್ಟೆ ಕೆಟ್ಟಿತ್ತು. ಬಸವಣ್ಣನ ಒಕ್ಕಲು ನಾವು. ದಿನಾ ಲಿಂಗಪೂಜೆಗೆ ಕೂತು, ಎಲ್ಲರೂ ಒಂದೇ ಎಂದುಕೊಂಡು ಏಳುತ್ತೇವೆ. ಚಹಾ ಕುಡಿಯುವ ಹೊತ್ತಿಗೆ ಅದು ಇಳಿದಿರುತ್ತದೆ.

ಮೊಮ್ಮಗಳಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಪಡಸಾಲೆಯಲ್ಲಿ ಕೂತವಳು ಒಮ್ಮೆಲೇ ‘ಆಯಿ’ ಎಂದಳು.

“ನೋಡು, ನನಗ ಕರದ್ಲು,” ಎಂದೆ.

“ಇಲ್ರೀ ಅತ್ತೀ, ನನಗ,” ಎಂದಳು ಸೊಸೆ.

“ನಿನಗ ಅವ್ವಾ ಅಂತಾಳ, ತಡಿ.”

“ಯಾಕ್ರೀ? ನಿಮಗ ಆಜಿ ಅನ್ನಲಿ.”

ಮಗ ನ್ಯಾಯ ಹೇಳಲು ಬಂದ. “ಇಬ್ಬರಿಗೂ ಬ್ಯಾಡ. ಇಕಿಗೆ ಮಮ್ಮಿ, ನಿನಗ ಗ್ರ್ಯಾನಿ.”

ಇಬ್ಬರೂ ಕೂಡಿ ಅವನ ಮೈಮೇಲೆ ಹೋದೆವು. ಅತ್ತೆ ಸೊಸೆ ಒಂದಾದದ್ದು ಅದೇ ಮೊದಲು.

ಮುಂದೆ ಯುದ್ಧ ಬಹಿರಂಗವಾಗಿಯೇ ನಡೆಯಿತು. ಪೂಜೆ ಮುಗಿಸಿ ಕೂಸಿನ ಹಣೆಗೆ ವಿಭೂತಿ ಹಚ್ಚುತ್ತ ನಾನು “ಆಯಿ ಹಚ್ಚಿದ್ಲು ನೋಡು” ಎನ್ನುತ್ತಿದ್ದೆ. ತುಪ್ಪದನ್ನ ಉಣಿಸುತ್ತ ಸೊಸೆ ಅದನ್ನೇ ಮರಾಠಿಯಲ್ಲಿ ಹೇಳುತ್ತಿದ್ದಳು. ಏನಾದರೂ ಕೊಟ್ಟವರೆಲ್ಲ ಆಯಿ ಎಂದು ಕೂಸು ತಿಳಿದುಕೊಂಡಿತು. ಒಂದು ದಿನ ಹಾಲಿನವನನ್ನೂ ಆಯಿ ಎಂದು ಕರೆದಾಗ ಅವನು ಮೀಸೆಯಲ್ಲೇ ನಾಚಿಕೊಂಡ.

ಒಂದು ಶಬ್ದಕ್ಕೆ ಇಷ್ಟೇಕೆ ಹಟ ಎನ್ನುತ್ತೀರಿ. ನನ್ನನ್ನು ಬೆಳೆಸಿದವಳು ನಂದಗಡದ ನನ್ನ ಆಯಿ. ಆ ಹೆಸರು ಒಂದು ದಿನ ನನಗೆ ಬರಬೇಕೆಂದು ಸಣ್ಣವಳಿದ್ದಾಗಿಂದ ಕಾದಿದ್ದೆ. ನನ್ನ ಆಯಿ ಅಪ್ಪಟ ಕನ್ನಡದ ಹೆಣ್ಣುಮಗಳು. ಅವಳ ಬೈಗುಳ ಕೂಡ ನನ್ನ ಕಿವಿಯಲ್ಲಿ ಕನ್ನಡದಲ್ಲೇ ಇವೆ.

ಮಾರ್ಕೆಟ್ಟಿನ ಪಜೀತಿಯನ್ನು ಮಧ್ಯಾಹ್ನ ಫೋನಿನಲ್ಲಿ ಅಕ್ಕನಿಗೆ ಹೇಳುತ್ತ ಈ ಮಾತನ್ನೂ ಆಡಿದೆ. ಅಕ್ಕ ನಕ್ಕಳು.

“ಏನ ತಲಿ ಐತಿ ನಿಂದು! ಆಯಿ ತವರಮನಿ ಮಾತು ಮರಾಠಿ ಅಲ್ಲೇನು? ನಾವು ಕರದ್ರ ‘ಆಲೇ ಗ ಬಾಯಿ’ ಅನಕೋತ ಮೊಳಕಾಲ ಹಿಡಕೊಂಡು ಏಳತಿದ್ಲು.”

“ಇಲ್ಲ, ‘ಬಂದ್ನೆವ್ವಾ’ ಅಂತಿದ್ಲು.”

“ಅದನ್ನ ನೀ ಅನಿಸಿದಿ ಆಕಿ ಬಾಯಾಗ.”

ಅಕ್ಕನ ನೆನಪನ್ನು ನಾನು ನಂಬುವುದಿಲ್ಲ. ನನ್ನ ಮದುವೆಯಲ್ಲಿ ಹೋಳಿಗೆಯೇ ಇರಲಿಲ್ಲ ಎನ್ನುವವಳು ಅವಳು. ಆದರೂ ಫೋನಿಟ್ಟ ಮೇಲೆ ಆಯಿಯ ಒಂದು ಮಾತನ್ನಾದರೂ ಕನ್ನಡದಲ್ಲಿ ಕೇಳಿಸಿಕೊಳ್ಳಲು ನೋಡಿದೆ. ನೆನಪಿನಲ್ಲಿ ಅವಳ ತುಟಿ ಅಲುಗಿದವು, ದನಿ ಬರಲಿಲ್ಲ.

ಸಂಜೆ ಸೊಸೆ ಚಪಾತಿ ಲಟ್ಟಿಸುತ್ತಿದ್ದಳು. ಕಕ್ಕಸಿನಿಂದ ಮೊಮ್ಮಗಳು, ಈಗ ಸಾಲಿಗೆ ಹೋಗುವಾಕಿ, ಓಣಿಗೆಲ್ಲ ಕೇಳುವಂತೆ ಕೂಗಿದಳು: “ಆಯೀ, ಆತೂ!”

“ಅತ್ತೀ, ನಿಮಗ ಕರ್ಯಾಕತ್ತಾಳ್ರೀ,” ಎಂದಳು ಸೊಸೆ, ಬಹಳ ಮರ್ಯಾದೆಯಿಂದ.

“ಛೇ, ನಿನಗವಾ. ಹಡದಾಕಿ ನೀನ ಅಲ್ಲ?”

“ಕೈಯಾಗ ಹಿಟ್ಟೈತ್ರೀ.”

“ಆಯೀ! ಯಾರರ ಬರ್ರೀ!”

ನಾನೇ ಮೊಳಕಾಲು ಹಿಡಿದು ಎದ್ದೆ.

“ಆಲೇ ಗ ಬಾಯಿ,” ಎಂದಿತು ನನ್ನ ಬಾಯಿ.

ಅಡುಗೆಮನೆಯಲ್ಲಿ ಲಟ್ಟಣಿಗೆಯ ಸದ್ದು ನಿಂತಿತು.