ಬಿದ್ದ ಮರದೊಳಗಿನ ಜೇನು

ಗಾಳಿ ನಿಂತ ಮರುದಿನ ನೆಕ್ರಾಜೆಯ ಸೌದಾಮಿನಿ ಚಹಾವನ್ನೂ ಕುಡಿಯದೆ ಗುಡ್ಡ ಹತ್ತಿದಳು. ನೆರೆಯ ಹರಿನಾಥರ ರಬ್ಬರ್ ತೋಟದ ಅಂಚಿನಲ್ಲಿ ಅವಳ ಜೇನುಪೆಟ್ಟಿಗೆಗಳಿದ್ದವು. ಚಂಡಮಾರುತ ರಬ್ಬರ್ ಮರಗಳನ್ನು ನಡುವಿಗೇ ಮುರಿದು ಒಂದರ ಮೇಲೊಂದು ಕೆಡವಿತ್ತು. ಪೆಟ್ಟಿಗೆಗಳೆಲ್ಲ ಅಡಿಯಲ್ಲಿ ಸಿಕ್ಕಿ ಚೂರಾಗಿದ್ದವು. ಕೆಸರಿಗೆ ಬಿದ್ದ ಜೇನಿನ ಎರಿಗಳಿಗೆ ಇರುವೆ ಮುತ್ತಿತ್ತು. ಬದುಕಿದ ಜೇನುನೊಣಗಳು ಯಾವ ದಿಕ್ಕಿಗೆ ಹೋದವೋ, ಒಂದೂ ಕಾಣಲಿಲ್ಲ. ಹರಿನಾಥರು ತಮ್ಮ ಬಿದ್ದ ಮರಗಳ ನಡುವೆ ನಿಂತಿದ್ದರು.

ಮಗಳು ಹುಟ್ಟಿದ ವರ್ಷ ಬಚ್ಚಲಿನ ಹಿಂದಿನ ಹಳೆಯ ಮಡಕೆಯಲ್ಲಿ ತಾನಾಗಿ ಬಂದು ಕೂತ ಹಿಂಡೊಂದನ್ನು ಓಡಿಸಲು ಮನಸ್ಸಾಗದೆ ಸೌದಾಮಿನಿ ಜೇನಿಗೆ ಕೈ ಹಾಕಿದವಳು. ಆಮೇಲೆ ಕೃಷಿಭವನದ ತರಬೇತಿಗೆ ಹೋದಳು, ಪೆಟ್ಟಿಗೆ ಮಾಡಿಸಿದಳು. ರಬ್ಬರ್ ಚಿಗುರಿ ಎಳೆ ಎಲೆಯ ತೊಟ್ಟಿನಲ್ಲಿ ಜೇನಿಗೆ ಸಿಹಿ ಒಸರುವ ದಿನಗಳಲ್ಲಿ ಅವಳಿಗೆ ತಲೆ ಬಾಚಲೂ ಪುರುಸೊತ್ತು ಸಿಗುತ್ತಿರಲಿಲ್ಲ. ಗಂಡ ಕೃಷ್ಣಕುಮಾರ ಮದುವೆ, ಉಪನಯನಗಳ ಅಡುಗೆಗೆ ಹೋಗುವವನು. ಹೆಂಡತಿಯ ಜೇನನ್ನು ಮಂದಿಗೆ ಹೊಗಳುವುದೆಂದರೆ ಅವನಿಗೆ ಖುಷಿ.

ಈಗ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದಳು, ನಿಂತುಕೊಂಡೇ ಉಣ್ಣುತ್ತಿದ್ದಳು.

"ಸ್ವಲ್ಪ ಕೂತ್ಕೋ ಮಾರಾಯ್ತಿ, ಜೇನು ಎಲ್ಲಿಂದಾದ್ರೂ ಬರ್ತದೆ" ಎಂದ ಕೃಷ್ಣಕುಮಾರ.

"ಎಲ್ಲಿಂದ ಬರುದು? ಅದು ಇರ್ಬೇಕಾದ ಮರಗಳೇ ಬಿದ್ದಿದ್ದಾವಲ್ಲ."

ಹಾಗೆಂದ ಕೂಡಲೇ ಅವಳಿಗೆ ಹೊಳೆಯಿತು. ಬಿದ್ದ ಮರಗಳ ಪೊಟರೆಗಳಲ್ಲಿ ಕಾಡುಜೇನು ಇನ್ನೂ ಇದ್ದೀತು. ಸುತ್ತೆಲ್ಲ ಮರ ಕೊಯ್ಯುವ ಮೆಷಿನಿನ ಸದ್ದು ಕೇಳುತ್ತಿತ್ತು. ಅವಳು ಗಂಡನ ಉದ್ದ ತೋಳಿನ ಅಂಗಿ ತೊಟ್ಟು, ಅಟ್ಟದಲ್ಲಿದ್ದ ಖಾಲಿ ಪೆಟ್ಟಿಗೆಗಳಲ್ಲಿ ಒಂದನ್ನು ತಲೆಯ ಮೇಲಿಟ್ಟು ಆ ಸದ್ದಿನ ಹಿಂದೆ ಹೊರಟಳು.

ಅಲ್ಲಿಗೆ ಮುಟ್ಟುವಾಗ ತಡವಾಗಿತ್ತು. ಮರ ಕೊಯ್ಯುವ ಜನಾರ್ದನ ಆಗಲೇ ಪೊಟರೆಗೆ ತೆಂಗಿನ ಗರಿಯ ಉರಿಯುವ ಸೂಟೆ ಹಿಡಿದಿದ್ದ. ರೆಕ್ಕೆ ಸುಟ್ಟ ನೊಣಗಳು ನೆಲದಲ್ಲಿ ತೆವಳುತ್ತಿದ್ದವು. ಓಡಿಸದಿದ್ದರೆ ನಾವು ಕೆಲಸ ಮಾಡುವುದು ಹೇಗೆ ಎಂದು ಅವನು ಕೇಳಿದ. ಅವಳು ಜಗಳ ಮಾಡಲಿಲ್ಲ. ಇನ್ನೆಲ್ಲಾದರೂ ಜೇನು ಕಂಡರೆ ಫೋನು ಮಾಡು ಎಂದು ನಂಬರು ಕೊಟ್ಟಳು. ಅವನು ಮಾಡುತ್ತಾನೆಂಬ ನಂಬಿಕೆ ಮಾತ್ರ ಬರಲಿಲ್ಲ. ಆದ್ದರಿಂದ ಮರುದಿನದಿಂದ ಅವನು ಹೋದಲ್ಲಿಗೆಲ್ಲ ತಾನೂ ಹೋದಳು. ಎಷ್ಟೋ ಮರಗಳಲ್ಲಿ ಏನೂ ಇರಲಿಲ್ಲ. ಕೆಲವು ಕಡೆ ಹಿಂಡು ಸಿಕ್ಕಿತು. ಮರಿಗಳಿದ್ದ ಎರಿಗಳನ್ನು ಬಿಡಿಸಿ, ಬಾಳೆನಾರಿನಿಂದ ಪೆಟ್ಟಿಗೆಯ ಚೌಕಟ್ಟಿಗೆ ಕಟ್ಟಿ, ಹೊರಗೆ ಹೋದ ನೊಣಗಳು ಮರಳುವವರೆಗೆ ಕಾದು, ಮುಸ್ಸಂಜೆಗೆ ಹೊತ್ತು ತಂದಳು.

ಪೆರ್ಲಕ್ಕೆ ಹೋಗುವ ರಸ್ತೆಗೆ ಅಡ್ಡ ಬಿದ್ದ ದೊಡ್ಡ ಕಾಟುಮಾವಿನ ಮರದ ಬಳಿ ಸಂಗತಿ ಬಿಗಡಾಯಿಸಿತು. ಬಸ್ಸುಗಳು ನಿಂತಿದ್ದವು, ಆಸ್ಪತ್ರೆಗೆ ಹೊರಟ ಜೀಪೂ ಒಂದಿತ್ತು. ಮರದ ನಡುವಿನ ಬಿರುಕಿನಿಂದ ಜೇನು ಏಳುತ್ತಿತ್ತು. ಬೆಂಕಿ ಹಾಕಿ ಬೇಗ ಮುಗಿಸಿ ಎಂದು ಮಂದಿ ಕೂಗತೊಡಗಿದರು. ಸಂಜೆಯವರೆಗೆ ಕಾಯಿರಿ ಎಂದು ಕೇಳಲು ಸೌದಾಮಿನಿಗೆ ಬಾಯಿ ಬರಲಿಲ್ಲ. ಜೀಪಿನಲ್ಲಿದ್ದ ಮುದುಕಿಯ ಮುಖ ಅವಳಿಗೆ ಕಾಣುತ್ತಿತ್ತು. ಪೆಟ್ಟಿಗೆ ಹಿಡಿದು ಅತ್ತಿಂದಿತ್ತ ನಡೆದಳು, ಕೊನೆಗೆ ಜನಾರ್ದನನ ಎದುರು ನಿಂತಳು.

"ನೀನೇ ಹೇಳು ಜನಾರ್ದನ, ಎಂತ ಮಾಡುದು?"

ಅವನು ಮರದ ಉದ್ದಕ್ಕೂ ಒಮ್ಮೆ ಕಣ್ಣಾಡಿಸಿದ. "ಪೊಟರೆ ಇರುವ ತುಂಡನ್ನು ಮುಟ್ಟುದಿಲ್ಲ ಅಕ್ಕ. ಎರಡು ಬದಿಯಿಂದ ಕೊಯ್ದು ಅದನ್ನು ಹಾಗೇ ಎತ್ತಿ ಬದಿಗಿಡುವ. ಆದ್ರೆ ನೊಣ ನನ್ನನ್ನು ಬಿಡ್ಲಿಕ್ಕಿಲ್ಲ."

ಅವಳು ತೆಂಗಿನ ಸಿಪ್ಪೆಗೆ ಕಿಡಿ ತಾಗಿಸಿ ಬಿರುಕಿನ ಮೇಲೆ ತೆಳುವಾಗಿ ಹೊಗೆ ಹಾಯಿಸಿದಳು, ತನ್ನ ತಲೆಯ ಬಟ್ಟೆ ಬಿಚ್ಚಿ ಅವನ ಮುಖಕ್ಕೆ ಸುತ್ತಿದಳು. ಮೆಷಿನು ಅದುರಿದಾಗ ನೊಣಗಳು ಸಿಟ್ಟಿಗೆದ್ದು ಇಬ್ಬರಿಗೂ ಕುಟುಕಿದವು. ಜನಾರ್ದನ ಕೈ ತೆಗೆಯಲಿಲ್ಲ. ಬಸ್ಸಿನಿಂದಿಳಿದ ಗಂಡಸರು ಹಗ್ಗ ಹಾಕಿ, ತುಂಡನ್ನು ಉರುಳಿಸದೆ, ಎರಿ ಮುರಿಯದ ಹಾಗೆ ಎತ್ತಿ ಬದಿಗಿಟ್ಟರು. ಮೊದಲು ಹೋದದ್ದು ಜೀಪು. ಸೌದಾಮಿನಿ ಊದಿದ ಕಣ್ಣಿನಲ್ಲೇ ಆ ತುಂಡಿನ ಪಕ್ಕ ಸಂಜೆಯವರೆಗೆ ಕೂತಳು. ಗಾಳಿ ಬೀಸಿದ ಮೇಲೆ ಅವಳು ಒಂದೇ ಕಡೆ ಅಷ್ಟು ಹೊತ್ತು ಕೂತದ್ದು ಅದೇ ಮೊದಲು.

ಅದರ ಬೆನ್ನಿಗೇ ಮಳೆ ಹಿಡಿಯಿತು. ಹೂವಿಲ್ಲದ ಆ ಕಾಲದಲ್ಲಿ ಕೃಷ್ಣಕುಮಾರ ಸಕ್ಕರೆ ಪಾಕ ಕಾಯಿಸಿ ಕೊಟ್ಟ, ಅವಳು ಕೊಡೆ ಹಿಡಿದು ಪೆಟ್ಟಿಗೆಗಳಿಗೆ ಉಣಿಸಿದಳು. ಆದರೂ ಕೆಲವು ಹಿಂಡು ಬಿಟ್ಟು ಹೋದವು. ಒಂದಕ್ಕೆ ಮೇಣದ ಹುಳು ಹಿಡಿಯಿತು. ಕಾಟುಮಾವಿನ ಹಿಂಡು ಮಾತ್ರ ಗಟ್ಟಿಯಾಗಿ ಉಳಿಯಿತು. ಚಳಿ ಬೀಳುವಾಗ ಅದು ಪಾಲಾಗಿ ಎರಡಾಯಿತು, ಆಮೇಲೆ ಇನ್ನೂ ಹೆಚ್ಚಾಯಿತು.

ಒಂದು ದಿನ ಜನಾರ್ದನ ಹೆಂಡತಿ ನಮಿತಾಳನ್ನು ಕರೆದುಕೊಂಡು ಬಂದ. ನಮಿತಾ ರಬ್ಬರ್ ಹಾಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದವಳು. ತೋಟ ಹೋದ ಮೇಲೆ ಮನೆಯಲ್ಲೇ ಇದ್ದಳು. ತನಗೂ ಜೇನು ಕಲಿಸಬೇಕೆಂದು ತಡೆತಡೆದು ಕೇಳಿದಳು. ಸೌದಾಮಿನಿ ಅಂದೇ ಒಂದು ಪೆಟ್ಟಿಗೆ ಕೊಟ್ಟು ಕಳಿಸಿದಳು. ಹರಿನಾಥರು ಮತ್ತೆ ರಬ್ಬರ್ ನೆಡಲಿಲ್ಲ. ಆ ಸಿಹಿ ಇಲ್ಲದ ಮೇಲೆ ಪೆಟ್ಟಿಗೆಗಳನ್ನು ಹೂವಿರುವಲ್ಲಿಗೆ ಒಯ್ಯದೆ ಉಪಾಯವಿರಲಿಲ್ಲ. ಮೇಲಾಗಿ ಎಲ್ಲವನ್ನೂ ಒಂದೇ ಗುಡ್ಡದಲ್ಲಿಡುವ ಧೈರ್ಯ ಸೌದಾಮಿನಿಗೆ ಉಳಿದಿರಲಿಲ್ಲ. ಪೆರ್ಲದಲ್ಲಿ ಎರಡು, ವರ್ಕಾಡಿಯಲ್ಲಿ ಎರಡು ಎಂದು ಪರಿಚಯದವರ ಹಿತ್ತಿಲುಗಳಲ್ಲಿ ಹಂಚಿಟ್ಟಳು. ಅದರಿಂದ ಭಯ ಕಡಿಮೆಯಾಗಲಿಲ್ಲ, ಅದೂ ಅಷ್ಟು ಕಡೆ ಹಂಚಿಹೋಯಿತು. ಒಂದು ಕಡೆ ನೋಡಿ ಬಸ್ಸು ಹತ್ತುವಾಗಲೇ ಇನ್ನೊಂದು ಕಡೆಯದು ನೆನಪಾಗುತ್ತಿತ್ತು.

ಈ ವರ್ಷದ ಮೇ ತಿಂಗಳಲ್ಲಿ ಮತ್ತೆ ಕಡಲಿನಲ್ಲಿ ಗಾಳಿ ಎದ್ದಿದೆ ಎಂದು ಟಿವಿಯಲ್ಲಿ ಹೇಳಿದರು. ಸೌದಾಮಿನಿ ಅನ್ನದ ತಟ್ಟೆ ಬದಿಗಿಟ್ಟು ಎದ್ದಳು. ಹೊರಡುವ ಮೊದಲೇ ನಮಿತಾಳ ಫೋನು ಬಂತು.

"ನಮ್ಮದನ್ನು ಕೊಟ್ಟಿಗೆಯ ಒಳಗೆ ಇಟ್ಟು ಕಟ್ಟಿ ಆಯ್ತು ಅಕ್ಕ. ಪೆರ್ಲದ್ದನ್ನು ನಾನೇ ಹೋಗಿ ಕಟ್ತೇನೆ, ನೀವು ವರ್ಕಾಡಿಗೆ ಹೋಗಿ."

ಸೌದಾಮಿನಿ ಗಂಟು ಬಿಗಿಯಾಗಿ ಹಾಕು ಎಂದಷ್ಟೇ ಹೇಳಿ, ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿ ವರ್ಕಾಡಿಗೆ ಹೋಗುವ ಜೀಪಿಗೆ ಓಡಿದಳು.