ಒಂದೇ ಗೀರಿನ ಪಟ್ಟಿ

ಇಮಾಮ್‌ಸಾಬ್ ಕಾಕಾ, ಆ ದಿನ ನೀವು ಆರಿಸಿದ ಕಬ್ಬಿಣದ ಪಟ್ಟಿ ಸರಿಯಾಗಿತ್ತು. ತಪ್ಪು ಎಂದು ಹೇಳಿದ್ದು ನಾನು — ಸರಿ ಎಂಬುದನ್ನು ಕಣ್ಣಾರೆ ಕಂಡ ಮೇಲೆ.

ಎರಡು ಸಾವಿರದ ಎಂಟರ ಬೇಸಿಗೆ. ಅಣ್ಣ ಕದರಮಂಡಲಗಿಯ ನಮ್ಮ ಮನೆಯ ಹಿತ್ತಲಲ್ಲಿ, ತಗಡಿನ ಶೆಡ್ಡು ಹಾಕಿ ಸ್ವಂತ ಕೆಲಸ ಶುರು ಮಾಡುವವನಿದ್ದ. ಬ್ಯಾಡಗಿಯ ನಿಮ್ಮ ಅಂಗಡಿಯಲ್ಲೇ ವೆಲ್ಡಿಂಗ್ ಕಲಿತವನು. ನಿಮ್ಮ ಎರಡನೇ ಮಶೀನನ್ನು ಅವನಿಗೆ ಮಾರುವುದಾಗಿ ಹೇಳಿದಿರಿ — ತಾಮ್ರದ ತಂತಿ ಸುತ್ತಿದ್ದು, ಇಬ್ಬರು ಹಿಡಿದರೂ ಏಳದ್ದು. ನಾನು ರಾಣೆಬೆನ್ನೂರಿನ ಅಂಗಡಿಯೊಂದರಿಂದ ಹೊಸ ಇನ್ವರ್ಟರ್ ವೆಲ್ಡಿಂಗ್ ಮಶೀನನ್ನು ಒಂದು ದಿನದ ಮಟ್ಟಿಗೆ ನಿಮ್ಮ ಅಂಗಡಿಗೇ ತರಿಸಿದ್ದೆ. ಹೆಗಲಿಗೆ ಹಾಕಿಕೊಂಡು ಹೋಗುವಷ್ಟು ಹಗುರ. ಹಾವೇರಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆಲ್ಲುತ್ತಿದ್ದ ಕಾಲ ಅದು. ತನ್ನ ಮಾಲನ್ನು ತಾನೇ ಹೊಗಳುವವರ ಮಾತು ಸಾಕ್ಷಿಯಾಗುವುದಿಲ್ಲ ಎಂದು ನಿಮ್ಮ ಮುಖಕ್ಕೇ ಹೇಳಿದೆ.

ನೀವು ನಕ್ಕಿರಿ. "ಬಾಳ ಶ್ಯಾಣ್ಯಾಕಿ ಅದಿ ಬಿಡವಾ. ಇದು ಸುಟ್ರ ತಂತಿ ಇಲ್ಲೇ ಸುತ್ತಸಬಹುದು. ಅದು ಸುಟ್ರ ಯಾರ ಕಡೆ ಹೋಗ್ತೀರಿ? ಮತ್ತ ನಿಮ್ಮಣ್ಣನ ಕೈ ಇದಕ್ಕ ಕುಂತೈತಿ. ಬೆಸುಗಿ ನೋಡಿದ್ರ ಸಾಕು, ಯಾವ ಮಶೀನಿಂದು ಅಂತ ಹೇಳ್ತೇನಿ."

ಅಲ್ಲೇ ಹಿಡಿದೆ ನಿಮ್ಮನ್ನು. ಪರೀಕ್ಷೆ ಆಗಲಿ, ಹೇಳಲಾಗದಿದ್ದರೆ ಎರಡಕ್ಕೂ ವ್ಯತ್ಯಾಸವಿಲ್ಲ, ಹಗುರವಾದದ್ದನ್ನೇ ಕೊಳ್ಳಬೇಕು ಎಂದೆ. ಟ್ರ್ಯಾಕ್ಟರ್ ಟ್ರಾಲಿ ರಿಪೇರಿಗೆ ಬಂದಿದ್ದವರೊಬ್ಬರು ಕೆಣಕಿದರು: "ಏನ್ರಿ ಸಾಬ್ರ, ಕಾಲೇಜ್ ಹುಡುಗಿ ಮುಂದ ಬೆವರಾಕತ್ತೀರಲ್ಲ?"

ನಿಮ್ಮನ್ನು ಚಹಾ ಕುಡಿಯಲು ಕಳಿಸಿ, ಅಣ್ಣನಿಂದ ಎರಡು ಕಬ್ಬಿಣದ ಪಟ್ಟಿಗಳ ಮೇಲೆ ಬೆಸುಗೆ ಹಾಕಿಸಿದೆ — ಒಂದು ನಿಮ್ಮ ಮಶೀನಿನಿಂದ, ಒಂದು ಹೊಸದರಿಂದ. ಅಡಿಯಲ್ಲಿ ಮೊಳೆಯಿಂದ ಗುರುತು ಹಾಕಿದ್ದು ನಾನೇ: ನಿಮ್ಮದಕ್ಕೆ ಒಂದು ಗೀರು, ಹೊಸದಕ್ಕೆ ಎರಡು. ಅಣ್ಣನ ಮುಖ ನೋಡಿ ನಿಮಗೆ ಸುಳಿವು ಸಿಗಬಾರದೆಂದು ಅವನನ್ನೂ ಹೊರಗೆ ಕಳಿಸಿದೆ. ಅಷ್ಟು ಕಟ್ಟುನಿಟ್ಟು ನನ್ನದು!

ನೀವು ಬಂದು, ಚಾಳೀಸು ಕನ್ನಡಕ ಮೂಗಿಗೇರಿಸಿ, ಎರಡೂ ಬೆಸುಗೆಗಳ ಅಂಚಿನುದ್ದಕ್ಕೂ ಉಗುರು ಎಳೆದು, ಒಂದನ್ನು ನನ್ನ ಕೈಗೆ ಕೊಟ್ಟಿರಿ. "ಇದು ನಮ್ದು."

ನನ್ನ ಕಡೆ ತಿರುಗಿಸಿದೆ. ಒಂದೇ ಗೀರು.

ಆಗ ಏನು ತೋಚಿತೋ ಗೊತ್ತಿಲ್ಲ ಎಂದು ಬರೆಯಲು ಹೊರಟಿದ್ದೆ — ಇಲ್ಲ, ಗೊತ್ತಿದೆ. ಸೋತೆ ಎಂದು ತೋಚಿತು. ಗೀರಿನ ಮೇಲೆ ಹೆಬ್ಬೆರಳಿಟ್ಟು, "ಅಲ್ಲ ಕಾಕಾ, ಇದು ಹೊಸಾದ್ರದು" ಎಂದೆ. ಯಾರೂ ಕೇಳುವ ಮೊದಲೇ ಎರಡನ್ನೂ ಚೀಲಕ್ಕೆ ಹಾಕಿಕೊಂಡೆ.

ನೀವು ತೋರಿಸು ಎನ್ನಲಿಲ್ಲ. ಯಾರು ಏನು ಹೇಳಿದರೂ ತೋರಿಸಿ ಎನ್ನುತ್ತಿದ್ದ ನನ್ನ ಬಾಯಿಮಾತನ್ನು ನಂಬಿದಿರಿ. ಬಾಗಿಲ ಬೆಳಕಿನ ಕಡೆ ನೋಡಿ, "ಹಂಗಾರ ನನ್ನ ಕಣ್ಣ ಹೋದ್ವು" ಎಂದಿರಿ.

ನಾವು ಕೊಂಡ ಹೊಸ ಮಶೀನಿನ ವಿಷಯ ಬಿಡಿ. ನಮ್ಮೂರಿನ ವೋಲ್ಟೇಜಿಗೆ ಅದು ಪದೇ ಪದೇ ನಿಂತಿತು, ಮಳೆಗಾಲ ಮುಗಿಯುವುದರೊಳಗೆ ಸುಟ್ಟಿತು. ಅದು ಮಶೀನಿನ ತಪ್ಪಲ್ಲ, ವೋಲ್ಟೇಜಿನದು ಎಂದು ಈಗಲೂ ವಾದಿಸಬಲ್ಲೆ — ನೋಡಿ, ಇಲ್ಲೂ ವಾದ. ಆದರೆ ನೀವು? ಟ್ರಾಲಿಯ ಕೊಂಡಿಯಂಥ, ಜೀವ ನಂಬಿಕೊಂಡ ಕೆಲಸ ಬಂದರೆ "ಬ್ಯಾರೇದವ್ರ ಕಡೆ ಹೋಗ್ರಿ, ನನಗ ಕಾಣಂಗಿಲ್ಲ" ಅನ್ನತೊಡಗಿದಿರಂತೆ. ಅಣ್ಣ ಇದನ್ನು ಹೇಳಿದಾಗ ಊಟಕ್ಕೆ ಕುಳಿತಿದ್ದೆ. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ವರ್ಷದೊಳಗೆ ನೀವು ಗೇಟಿಗೆ ಬಣ್ಣ ಹಚ್ಚುವ ಕೆಲಸವನ್ನಷ್ಟೇ ಉಳಿಸಿಕೊಂಡಿರಿ. ಚೆನ್ನಾಗಿದ್ದ ಕಣ್ಣುಗಳನ್ನು — ನನ್ನ ಒಂದು ಮಾತಿಗೆ —

ಹೇಳಿಬಿಡಬೇಕೆಂದು ಎರಡು ಸಲ ಅಂಗಡಿಯ ತನಕ ಬಂದೆ. ಮೊದಲ ಸಲ ಹೊರಗಿಂದಲೇ ಹಿಂದಿರುಗಿದೆ. ಎರಡನೇ ಸಲ ನೀವೇ ಕರೆದು ಚಹಾ ತರಿಸಿದಿರಿ. "ಆವತ್ತ ನೀ ಹೇಳಿದ್ದ ಚಲೋ ಆತು ತಂಗಿ. ಇಲ್ಲಾಂದ್ರ ನನ್ನ ಬೆಸುಗಿ ನಂಬಿ ಯಾರರ ಸಾಯ್ತಿದ್ರು." ಆ ಚಹಾ ಕುಡಿದೆ, ಕಾಕಾ. ಕುಡಿದು ಎದ್ದು ಬಂದೆ.

ಪಟ್ಟಿ ನನ್ನ ಬಳಿಯೇ ಇದೆ. ತುಕ್ಕು ಹಿಡಿದಿದೆ, ಗೀರು ಹೋಗಿಲ್ಲ. ಅಣ್ಣನಿಗೆ ಇವತ್ತು ಹೇಳುತ್ತೇನೆ. ಭಾನುವಾರ ಅವನನ್ನೂ ಕರೆದುಕೊಂಡು ಬಂದು ಪಟ್ಟಿಯನ್ನು ನಿಮ್ಮ ಕೈಗೆ ಕೊಡುತ್ತೇನೆ. ನಾನು ಏನೇ ಹೇಳಿದರೂ ನಂಬಬೇಡಿ. ತಿರುಗಿಸಿ ನೋಡಿ.